ರೇಷ್ಮೆ ಹುಳುವಿನ ವಚನ ಓದಿದ್ದೀರಾ?

‘ಮನೆಯಲ್ಲಿ ಸಿಕ್ಕಿಹಾಕಿಕೊಂಡ ಹಾಗಿದೆ, ಹೇಳಿದರೂ ಯಾರಿಗೂ ಅರ್ಥ ಆಗೋದಿಲ್ಲ. ಇದನ್ನು ಹೇಳುವ ಪದ್ಯ ಕನ್ನಡದಲ್ಲಿ ಇದೆಯಾ?’ ಅಂತ ಕೇಳಿದ್ದೀರಿ. ಇದೆ. 12ನೇ ಶತಮಾನದಷ್ಟು ಹಿಂದೆಯೇ ಇದೆ.

ಅಕ್ಕಮಹಾದೇವಿಯ ‘ತೆರಣಿಯ ಹುಳು’ ವಚನ ಹುಡುಕಿ ನೋಡಿ. ತೆರಣಿಯ ಹುಳು ಅಂದರೆ ರೇಷ್ಮೆ ಹುಳು. ವಚನದಲ್ಲಿ ಅದು ಪ್ರೀತಿಯಿಂದ ಮನೆ ಕಟ್ಟಿಕೊಳ್ಳುತ್ತದೆ, ಕೊನೆಗೆ ತನ್ನದೇ ನೂಲು ತನ್ನನ್ನು ಸುತ್ತಿ ಸಾಯುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಚಂದ್ರಿಕೆಯ (ಗೂಡು ಕಟ್ಟಲು ಹುಳ ಬಿಡುವ ತಟ್ಟೆ) ಮೇಲಿನ ಹುಳ ನೋಡಿದವರಿಗೆ ಗೂಡು ಕಟ್ಟುವ ಬಗೆ ಗೊತ್ತು. ಮೊದಲು ಗೂಡು ತೆಳ್ಳಗೆ ಇರುತ್ತದೆ, ಒಳಗೆ ತಲೆ ಆಡಿಸುವುದು ಕಾಣುತ್ತದೆ. ಆಮೇಲೆ ಕಾಣುವುದಿಲ್ಲ. ಬೀಗ ಹಾಕಿದವರು ಬೇರೆ ಯಾರೂ ಅಲ್ಲ ಅನ್ನೋದೇ ಇಲ್ಲಿ ಚುಚ್ಚುವ ಮಾತು.

ಅರ್ಥ ಆಗದ ನೋವಿಗೆ ಅವಳದೇ ಇನ್ನೊಂದು ವಚನ: ‘ನೊಂದ ನೋವ ನೋಯದವರೆತ್ತ ಬಲ್ಲರು?’ ಈ ಸಾಲು ಎಲ್ಲರ ಬಾಯಲ್ಲೂ ಇದೆ. ನನಗೆ ಜಾಸ್ತಿ ಇಷ್ಟ ಅದರ ಕೊನೆ. ಇರಿದ ಅಲಗು ಹೊಟ್ಟೆಯೊಳಗೇ ಮುರಿದು ಉಳಿದಿದೆ, ಅವಳು ಆ ನೋವಿನಲ್ಲಿ ಹೊರಳುತ್ತಿದ್ದಾಳೆ. ಅಷ್ಟು ಸಿಟ್ಟಿನಲ್ಲೂ ಎದುರಿನವರನ್ನು ‘ತಾಯಿಗಳಿರಾ’ ಅಂತಲೇ ಕರೆಯುತ್ತಾಳೆ! ಅವಳ ನೋವು ದೇವರ ವಿರಹದ್ದು, ನಿಮ್ಮದು ಬೇರೆ, ನಿಜ. ಆದರೂ ಮಾತು ಹೊಂದುತ್ತದೆ ಅಲ್ವಾ?

ಬೀಸುವ ಪದಗಳನ್ನೂ ಕೇಳಿ. ಅತ್ತೆಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಹಾಡಿಕೊಂಡರು. ಮೂರೇ ಸಾಲು. ಮೊದಲು ಓದಬೇಡಿ, ಯಾರಾದರೂ ಅಜ್ಜಿ ಹಾಡಿದ್ದು ಸಿಕ್ಕರೆ ಅದನ್ನೇ ಕೇಳಿ.