ಐವತ್ನಾಲ್ಕು ವರ್ಷ, ಒಂದೇ ವಾರ್ಡು

ಪ್ರಶ್ನೆ: ಶಿಕಾಗೊ ನಗರಸಭೆಯಲ್ಲಿ ಒಬ್ಬರೇ ವ್ಯಕ್ತಿ 54 ವರ್ಷ ಸದಸ್ಯರಾಗಿದ್ದರೆಂದು ಓದಿದೆ. ನಮ್ಮಲ್ಲಿ ಎರಡು ಸಲ ಗೆದ್ದ ಕಾರ್ಪೊರೇಟರ್ ಕೂಡ ಮೂರನೆಯ ಸಲ ವಾರ್ಡು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಅಲ್ಲಿನ ಜನ ಅವರನ್ನು ಅಷ್ಟೊಂದು ಮೆಚ್ಚಿಕೊಂಡಿದ್ದರೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೆಚ್ಚಿದವರು ಇದ್ದೇ ಇದ್ದರು. ಆದರೆ ಆ ಮೆಚ್ಚುಗೆಯನ್ನು ಮತಪೆಟ್ಟಿಗೆಯಲ್ಲಿ ಅಳೆದು ನೋಡುವ ಸಂದರ್ಭ ಮಾತ್ರ ಅಪರೂಪಕ್ಕೆ ಬಂದಿತು. ನೀವು ಓದಿರುವುದು 14ನೇ ವಾರ್ಡಿನ ಎಡ್ವರ್ಡ್ ಬರ್ಕ್ ಅವರ ವಿಷಯ. ಅವರ ತಂದೆ ಜೋಸೆಫ್ ಬರ್ಕ್ 1953ರಿಂದ ಅದೇ ವಾರ್ಡಿನ ಸದಸ್ಯರಾಗಿದ್ದು, 1968ರಲ್ಲಿ ತೀರಿಕೊಂಡರು. ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಕಾನೂನು ಓದಿದ್ದ ಮಗ ಮೊದಲು ವಾರ್ಡಿನ ಡೆಮಾಕ್ರಟಿಕ್ ಪಕ್ಷದ ಮುಖ್ಯಸ್ಥರಾದರು. 1969ರ ಮಾರ್ಚ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಗೆದ್ದು, 25ನೇ ವಯಸ್ಸಿಗೆ ಸಭೆಯನ್ನು ಪ್ರವೇಶಿಸಿದರು. ಪಕ್ಷದ ಗದ್ದುಗೆ ಮೊದಲು, ಜನರ ಮತ ಆಮೇಲೆ ಎಂಬ ಈ ಕ್ರಮದಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ.

ನಮ್ಮಲ್ಲಿ ವಾರ್ಡುಗಳ ಮೀಸಲಾತಿ ಸರದಿಯಂತೆ ಬದಲಾಗುವುದರಿಂದ ಒಂದೇ ಕಡೆ ಬೇರು ಬಿಡುವುದು ಕಷ್ಟ. ಶಿಕಾಗೊದಲ್ಲಿ ಅಂಥ ಸರದಿಯಿಲ್ಲ, ಇಷ್ಟೇ ಅವಧಿ ಎಂಬ ಮಿತಿಯೂ ಇಲ್ಲ. ಅಷ್ಟೇ ಅಲ್ಲ, ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ 50 ವಾರ್ಡುಗಳ ಗಡಿಯನ್ನು ಎಳೆಯುವವರು ಅದೇ ವಾರ್ಡುಗಳಿಂದ ಗೆದ್ದು ಕುಳಿತ ಸದಸ್ಯರೇ. ಹೊಲದ ಬದುವನ್ನು ಒಡೆಯನ ಕೈಯಲ್ಲೇ ಹಾಕಿಸಿದಂತೆ! ಸ್ಪರ್ಧಿಸಬಯಸುವವರು ನೂರಾರು ಮತದಾರರ ಸಹಿ ಸಂಗ್ರಹಿಸಿ ಸಲ್ಲಿಸಬೇಕು. ಎದುರಾಳಿಯ ಕಡೆಯವರು ಆ ಸಹಿಗಳನ್ನು ಒಂದೊಂದಾಗಿ ಪ್ರಶ್ನಿಸಬಹುದು. ಬೂತ್ ಬೂತ್‌ಗೂ ಕಾರ್ಯಕರ್ತರಿರುವ ಹಳಬನ ಎದುರು ಹೊಸಬರು ಸೋಲುವುದು ಬಹಳ ಸಲ ಈ ಹಂತದಲ್ಲಿಯೇ. ಬರ್ಕ್ ಹಲವು ಬಾರಿ ಅವಿರೋಧವಾಗಿ ಆಯ್ಕೆಯಾದರು. 2011 ಮತ್ತು 2015ರಲ್ಲಿಯೂ ಎದುರಾಳಿಗಳಿರಲಿಲ್ಲ.

ವಾರ್ಡಿನ ಹೊರಗೆ ಅವರ ಕಥೆ ಬೇರೆಯೇ. 1980ರಲ್ಲಿ ಶಿಕಾಗೊ ಸೇರಿರುವ ಕುಕ್ ಕೌಂಟಿಯ (ಜಿಲ್ಲೆಯ) ಸರ್ಕಾರಿ ಮುಖ್ಯ ಅಭಿಯೋಜಕರ ಹುದ್ದೆಗೆ ಪಕ್ಷದೊಳಗಿನ ಚುನಾವಣೆಯಲ್ಲಿ ನಿಂತು ರಿಚರ್ಡ್ ಎಂ. ಡೇಲಿ ಅವರ ಎದುರು ಸೋತರು. 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ನಗರದ ಮೊದಲ ಕಪ್ಪು ಮೇಯರ್ ಆದಾಗ, ಇನ್ನೊಬ್ಬ ಸದಸ್ಯ ಎಡ್ವರ್ಡ್ ವರ್ಡೋಲ್ಯಾಕ್ ಮತ್ತು ಬರ್ಕ್ 29 ಸದಸ್ಯರ ಗುಂಪು ಕಟ್ಟಿ ಮೇಯರರ ಕೈ ಕಟ್ಟಿಹಾಕಿದರು. ಮೇಯರರ ವೀಟೊ ಮೀರಲು ಆ 29 ಮತಗಳು ಸಾಲವು, ಮೇಯರರಿಗೆ ತಮ್ಮ ಮಸೂದೆ ಗೆಲ್ಲಿಸಲು ಉಳಿದ 21 ಸಾಲವು. ಊರಿನ ಆಡಳಿತ ವರ್ಷಗಟ್ಟಲೆ ಕುಂಟಿತು. 1986ರಲ್ಲಿ ನ್ಯಾಯಾಲಯದ ಆದೇಶದಂತೆ ಗಡಿ ಮರುವಿಂಗಡಣೆಯಾಗಿ ಏಳು ವಾರ್ಡುಗಳಲ್ಲಿ ಚುನಾವಣೆ ನಡೆದು, ಬಲ 25–25ಕ್ಕೆ ಬಂದು, ನಿರ್ಣಾಯಕ ಮತ ಮೇಯರರದಾಯಿತು. ಮುಂದೆ ಬರ್ಕ್ ಹಿಡಿದಿದ್ದ ಹಣಕಾಸು ಸಮಿತಿಯ ಅಧ್ಯಕ್ಷತೆ ತಪ್ಪಿತು. ಅದು 1989ರಲ್ಲಿ ಮರಳಿ ಸಿಕ್ಕಿದ್ದು, ಹಿಂದೆ ತಮ್ಮನ್ನು ಸೋಲಿಸಿದ್ದ ಅದೇ ಡೇಲಿ ಮೇಯರ್ ಆದಾಗ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಕ್ಷೇತ್ರ ಈ ಸಮಿತಿಯೇ. ವಾರ್ಡು ಅದಕ್ಕೆ ಹತ್ತುವ ಏಣಿಯಾಗಿತ್ತು.

ಪ್ರಶ್ನೆ: ಅಪರಾಧದ ಆರೋಪ ಹೊತ್ತ ಮೇಲೂ ಬರ್ಕ್ ಗೆದ್ದರೆಂಬುದು ನಿಜವೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಜ. 2018ರ ನವೆಂಬರ್‌ನಲ್ಲಿ ಎಫ್‌ಬಿಐ ಅಧಿಕಾರಿಗಳು ಅವರ ಕಚೇರಿಯ ಗಾಜಿನ ಬಾಗಿಲಿಗೆ ಕಂದು ಕಾಗದ ಅಂಟಿಸಿ ಶೋಧ ನಡೆಸಿದರು. ಮರು ಜನವರಿಯಲ್ಲಿ ಆರೋಪ ಹೊರಿಸಲಾಯಿತು. ಹಣಕಾಸು ಸಮಿತಿಯನ್ನು ಅವರು ಬಿಡಬೇಕಾಯಿತು. ಆದರೂ ಫೆಬ್ರವರಿಯ ಚುನಾವಣೆಯಲ್ಲಿ ಇಬ್ಬರು ಎದುರಾಳಿಗಳಿದ್ದಾಗಲೂ ಅರ್ಧಕ್ಕಿಂತ ತುಸು ಹೆಚ್ಚು ಮತ ಪಡೆದು, ಎರಡನೆಯ ಸುತ್ತಿನ ಅಗತ್ಯವಿಲ್ಲದೆ ಗೆದ್ದರು. ಐರಿಶ್, ಪೋಲಿಷ್ ಕುಟುಂಬಗಳಿದ್ದ ಆ ಭಾಗದಲ್ಲಿ ಅಷ್ಟರಲ್ಲಿ ಮೆಕ್ಸಿಕೊ ಮೂಲದವರೇ ಬಹುಸಂಖ್ಯಾತರಾಗಿದ್ದರು. ಬುಡ ಸಡಿಲವಾಗಿರುವ ಸುಳಿವು ಹಿಂದಿನ ವರ್ಷವೇ ಸಿಕ್ಕಿತ್ತು: ರಾಜ್ಯ ಶಾಸನಸಭೆಯಲ್ಲಿ ಬಹುಕಾಲ ಇದ್ದ ಅವರ ಸಹೋದರ ಡ್ಯಾನ್ ಬರ್ಕ್, ಆರನ್ ಒರ್ಟಿಜ್ ಎಂಬ ತರುಣನ ಎದುರು ಪಕ್ಷದೊಳಗಿನ ಸ್ಪರ್ಧೆಯಲ್ಲಿ ಸೋತಿದ್ದರು.

ನಗರಸಭೆಯ ಅನುಮತಿ ಬೇಕಾಗಿದ್ದ ಉದ್ಯಮಗಳಿಂದ ತಮ್ಮ ಖಾಸಗಿ ವಕೀಲ ಕಚೇರಿಗೆ ಆಸ್ತಿತೆರಿಗೆ ಮೊಕದ್ದಮೆಗಳನ್ನು ಗಿಟ್ಟಿಸಿಕೊಳ್ಳಲು ಒತ್ತಡ ಹೇರಿದರೆಂಬುದು ಆರೋಪದ ತಿರುಳು. 2023ರ ಡಿಸೆಂಬರ್‌ನಲ್ಲಿ 14 ಆರೋಪಗಳ ಪೈಕಿ 13ರಲ್ಲಿ ಅವರು ತಪ್ಪಿತಸ್ಥರೆಂದು ತೀರ್ಪಾಯಿತು. ಮುಂದಿನ ಜೂನ್‌ನಲ್ಲಿ ಎರಡು ವರ್ಷ ಸೆರೆವಾಸ ಹಾಗೂ 20 ಲಕ್ಷ ಡಾಲರ್ ದಂಡ ವಿಧಿಸಲಾಯಿತು. ಅಷ್ಟರಲ್ಲಿ ಅವರು ಸದಸ್ಯರಾಗಿರಲಿಲ್ಲ. 2023ರ ಚುನಾವಣೆಗೆ ಅವರು ಉಮೇದುವಾರಿಕೆಯನ್ನೇ ಸಲ್ಲಿಸಲಿಲ್ಲ. ಆ ಸ್ಥಾನಕ್ಕೆ ಜೇಲು ಗುಟಿಯೆರೆಜ್ ಎಂಬ ಮಹಿಳೆ ಗೆದ್ದು ಬಂದರು. 14ನೇ ವಾರ್ಡಿನ ಮತದಾರರು ಬರ್ಕ್ ಅವರನ್ನು ನಗರಸಭೆ ಚುನಾವಣೆಯಲ್ಲಿ ಒಮ್ಮೆಯೂ ಸೋಲಿಸಲಿಲ್ಲ.