ಮೀನಖಂಡ ದಪ್ಪಗಿದ್ದರೂ ಕಾಲಲ್ಲಿ ಶಕ್ತಿ ಯಾಕಿಲ್ಲ?
ನಿಮ್ಮ 5 ವರ್ಷದ ಮಗ ನೆಲದಿಂದ ಏಳುವಾಗ ತೊಡೆಗೆ ಕೈ ಊರುತ್ತಾನೆ, ಡಾಕ್ಟರು ಡುಶೆನ್ (ಜೀನ್ ದೋಷದಿಂದ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಕಾಯಿಲೆ) ಇರಬಹುದು ಅಂದಿದ್ದಾರೆ, ಆದರೆ ಮೀನಖಂಡ ದಪ್ಪಗಿದೆಯಲ್ಲ ಅಂತ ಕೇಳಿದ್ದೀರಿ. ಡುಶೆನ್ ಆದರೆ ಆ ದಪ್ಪ ಪೂರ್ತಿ ಸ್ನಾಯುವಲ್ಲ. ಸ್ನಾಯು ಬಿಗಿಯಾದಾಗೆಲ್ಲ ಅದರ ಎಳೆಗಳ ಹೊರಪೊರೆಗೆ ಜಗ್ಗಾಟ ಬೀಳುತ್ತದೆ. ಪೊರೆಯನ್ನು ಕಾಯುವುದು ಡಿಸ್ಟ್ರೋಫಿನ್ ಅನ್ನುವ ಪ್ರೋಟೀನ್. ಈ ಕಾಯಿಲೆಯಲ್ಲಿ ಅದು ಹೆಚ್ಚುಕಮ್ಮಿ ಇರುವುದೇ ಇಲ್ಲ. ಪೊರೆ ಹರಿದು ಎಳೆಗಳು ಸಾಯುತ್ತವೆ, ಆ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ರಕ್ತದಲ್ಲಿ ಸಿಕೆ (ಸ್ನಾಯುವಿನೊಳಗಿನ ಒಂದು ಕಿಣ್ವ) ಏರುವುದು ಹರಿದ ಪೊರೆಯಿಂದ ಅದು ಸೋರುವುದರಿಂದಲೇ. ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ ಕಿಣ್ವಗಳು ಕೂಡ ಜಾಸ್ತಿ ಬರಬಹುದು. ಲಿವರ್ ಕೆಟ್ಟಿದೆ ಅಂತ ಸುಮ್ನೆ ಗಾಬರಿಯಾಗಬೇಡಿ, ಅವು ಸ್ನಾಯುವಿನಿಂದಲೂ ಬರುತ್ತವೆ. ಜೀನ್ ಪರೀಕ್ಷೆ ಮಾಡಿಸಿ. ಶಕ್ತಿ ಬರಲಿ ಅಂತ ಮೆಟ್ಟಿಲು ಹತ್ತಿಸಿ ಇಳಿಸಬೇಡಿ, ಪೊರೆಗೆ ಪೆಟ್ಟು ಹೆಚ್ಚಾಗುತ್ತದೆ. ಇನ್ನೊಂದು ಮಾತು: ಈ ಜೀನ್ ದೋಷ ತಾಯಿಯಿಂದ ಬರಬಹುದು, ಆದರೂ ಮನೆಯಲ್ಲಿ ಯಾರೂ ತಾಯಿಯನ್ನು ದೂರಬಾರದು. ಈ ಕಾಯಿಲೆ ಇರುವ ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ಈ ದೋಷ ಹೊಸದಾಗಿಯೇ ಹುಟ್ಟಿರುತ್ತದೆ.