ಮಂಡಿ ನೋವಿದ್ರೆ ಶಟಲ್ಲಾ, ಟಿಟಿನಾ?

ಮಳೆಗೆ ರನ್ನಿಂಗ್ ನಿಂತೋಗಿದೆ, ಮಂಡಿ ಸ್ವಲ್ಪ ನೋವು, ಶಟಲ್ ಆಡ್ಲಾ ಟೇಬಲ್ ಟೆನಿಸ್ ಆಡ್ಲಾ ಅಂತ ಕೇಳಿದೀರಲ್ಲ, ನನ್ನ ಕೇಳಿದ್ರೆ ಸದ್ಯಕ್ಕೆ ಟಿಟಿನೇ. ಶಟಲ್‌ನಲ್ಲಿ ನೆಟ್ ಹತ್ರ ಮೆಲ್ಲಗೆ ಬೀಳೋ ಡ್ರಾಪ್ ಶಾಟ್ ಎತ್ತೋಕೆ ಒಂದು ಕಾಲು ಮುಂದೆ ಚಾಚಿ ಸಡನ್ನಾಗಿ ನಿಲ್ಬೇಕಲ್ಲ, ಆಗ ಭಾರ ಎಲ್ಲ ಆ ಮಂಡಿ ಮೇಲೇ ಬೀಳುತ್ತೆ, ಓಡಿ ಅಭ್ಯಾಸ ಇರೋರಿಗೂ ಆ ಥರ ಬ್ರೇಕ್ ಹಾಕೋದು ಹೊಸದೇ. ಟಿಟಿ ಟೇಬಲ್ 2.74 ಮೀಟರ್ ಉದ್ದ ಅಷ್ಟೇ, ಪಕ್ಕಕ್ಕೆ ಪುಟ್ಟ ಹೆಜ್ಜೆ ಸಾಕು, ಆದ್ರೂ ರ‍್ಯಾಲಿ ಜೋರಾದ್ರೆ ಬೆವರು ಕಿತ್ಕೊಂಡು ಬರುತ್ತೆ. ನೋವು ಹೋದ್ಮೇಲೆ ಶಟಲ್‌ಗೆ ಬನ್ನಿ, ಮೊದ್ಲು ಡಬಲ್ಸ್. ಆದ್ರೆ ರನ್ನಿಂಗ್ ಶೂನಲ್ಲಿ ಕೋರ್ಟಿಗೆ ಇಳೀಬೇಡಿ, ಹಿಮ್ಮಡಿ ದಪ್ಪ ಇರುತ್ತೆ, ಪಕ್ಕಕ್ಕೆ ತಿರುಗಿದ್ರೆ ಪಾದ ಉಳುಕೋ ಚಾನ್ಸ್ ಜಾಸ್ತಿ. ನಾನ್ ಮಾರ್ಕಿಂಗ್ ಶೂ (ನೆಲದ ಮೇಲೆ ಗುರುತು ಬೀಳಿಸದ ಸೋಲ್ ಇರೋದು) ಬ್ಯಾಗಲ್ಲಿಟ್ಕೊಂಡು ಹೋಗಿ ಒಳಗೇ ಹಾಕ್ಕೊಳ್ಳಿ, ಸೋಲ್ ಒದ್ದೆ ಇದ್ರೆ ಮರದ ನೆಲದ ಮೇಲೆ ಜಾರುತ್ತೆ. ಮಂಡಿ ಊದ್ಕೊಂಡಿದ್ರೆ ಯಾವ್ದೂ ಬೇಡ, ಮೊದ್ಲು ಡಾಕ್ಟರ್‌ಗೆ ತೋರ್ಸಿ.